ಕ್ರಿಸ್‌ಮಸ್‌ಗೆ ಲಂಡನ್: 25ನೇ ತಾರೀಖಿನಿಂದ ಲೆಕ್ಕ ಶುರು ಮಾಡಿ

ಡಿಸೆಂಬರ್‌ನಲ್ಲಿ ಲಂಡನ್‌ಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಹಿಮ ಬೀಳುತ್ತಾ?’ ಬೀಳುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಬೀಳುವುದು ಜಿಟಿಜಿಟಿ ಮಳೆ. ‘25ನೇ ತಾರೀಖು ನಾವು ಎಲ್ಲಿರುತ್ತೇವೆ, ಏನು ತಿನ್ನುತ್ತೇವೆ?’ ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ.

ಪರಿಚಯದ ಒಂದು ಕುಟುಂಬ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಸರಿಯಾಗಿ ಕ್ರಿಸ್‌ಮಸ್ ದಿನವೇ ಹೀಥ್ರೂದಲ್ಲಿ ಇಳಿಯಿತು. ಸುರಂಗ ರೈಲಿನ ಗೇಟಿಗೆ ಬೀಗ. ಬಸ್ಸಿಲ್ಲ. ಮಗ ಫೋನಿನಲ್ಲಿ ಕಾರು ಹುಡುಕುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರೆ, ಅಜ್ಜಿ ಶಾಲು ಹೊದ್ದು ಸೂಟ್‌ಕೇಸಿನ ಮೇಲೆ ಕೂತು ‘ಇಷ್ಟು ದೊಡ್ಡ ಊರಲ್ಲಿ ಒಂದು ಬಸ್ಸೂ ಇಲ್ವೇನೋ?’ ಅಂದರಂತೆ. ಟಿಕೆಟ್ಟಿನಲ್ಲಿ ಉಳಿದದ್ದು ಟ್ಯಾಕ್ಸಿಗೆ ಹೋಯಿತು. ಅಂಥದ್ದು ನಿಮಗಾಗದಿರಲಿ ಅಂತ ಈ ಲೇಖನ.

ಹೆಜ್ಜೆ 1: ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ವಿಸಿಟರ್ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಉತ್ತರಕ್ಕೆ ಸಾಮಾನ್ಯವಾಗಿ ಮೂರು ವಾರ. ದಸರಾ ಮುಗಿಯುವುದರೊಳಗೆ ಹಾಕಿಬಿಡಿ. ‘ಹೇಗೂ ಹೋಗಿದ್ದೇವೆ, ಎರಡು ದಿನ ಪ್ಯಾರಿಸ್ಸೂ ನೋಡಿಬಿಡೋಣ’ ಅನ್ನುವವರಿಗೆ ಒಂದು ಮಾತು: ಅದಕ್ಕೆ ಬೇರೆಯೇ ಶೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವುದು) ಬೇಕು.

ಹೆಜ್ಜೆ 2: ವಿಮಾನ

22ರೊಳಗೆ ಇಳಿಯಿರಿ, 28ಕ್ಕೋ ಆಮೇಲೋ ಹೊರಡಿ.

ಹೆಜ್ಜೆ 3: ಉಳಿಯುವ ಜಾಗ

ಲಂಡನ್ ಸಾರಿಗೆಯನ್ನು ವಲಯಗಳಾಗಿ ಹಂಚಿದ್ದಾರೆ. ನಡುವಿನದು 1ನೇ ವಲಯ, ಹೊರಗೆ ಹೋದಂತೆ ಸಂಖ್ಯೆ ಏರುತ್ತದೆ, ಹೋಟೆಲ್ ದರ ಇಳಿಯುತ್ತದೆ. ಬೇರೆ ತಿಂಗಳಾಗಿದ್ದರೆ 3ನೇ ವಲಯದಲ್ಲೇ ಉಳಿಯಿರಿ ಅನ್ನುತ್ತಿದ್ದೆ. ಕ್ರಿಸ್‌ಮಸ್‌ಗೆ ಬೇಡ. ರೈಲು ನಿಂತ ದಿನ ಹೊರವಲಯದ ಅಗ್ಗದ ರೂಮು ಗೃಹಬಂಧನವಾಗುತ್ತದೆ. ನನ್ನ ಆಯ್ಕೆ 1ನೇ ವಲಯದ ಬ್ಲೂಮ್ಸ್‌ಬರಿ. ಬ್ರಿಟಿಷ್ ಮ್ಯೂಸಿಯಂ ಪಕ್ಕದಲ್ಲೇ, ಕೋವೆಂಟ್ ಗಾರ್ಡನ್, ಟ್ರಫಾಲ್ಗರ್ ಚೌಕ ನಡೆದು ಹೋಗುವಷ್ಟು ದೂರ. ರೂಮು ಚಿಕ್ಕದಾದರೂ ಪರವಾಗಿಲ್ಲ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಬಿಡಬೇಡಿ. ಒಗ್ಗರಣೆ ಹಾಕುವ ಮುಂಚೆ ಒಲೆಯ ಮೇಲಿನ ಫ್ಯಾನ್ ಹಚ್ಚಿ, ಕಿಟಕಿ ತೆಗೆಯಿರಿ. ಸಾಸಿವೆ ಸಿಡಿದ ಹೊಗೆಗೆ ಅಲಾರಂ ಹೊಡೆದುಕೊಂಡು, ಸ್ಟೂಲ್ ಹತ್ತಿ ಟವೆಲ್ ಬೀಸಿದ ಅನುಭವ ನನ್ನದೇ.

ಹೆಜ್ಜೆ 4: 24ರ ಸಂಜೆಯಿಂದ 26ರ ರಾತ್ರಿವರೆಗೆ

ಎಲ್ಲರೂ ಎಡವುವುದು ಇಲ್ಲಿಯೇ. ಒಂದು ಹಾಳೆ ತೆಗೆದುಕೊಂಡು ಮೂರೂ ದಿನ ಬರೆದಿಟ್ಟುಕೊಳ್ಳಿ.

ಮೊದಲು 24. ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ 24, 25, 26 ಮೂರೂ ದಿನ ಬಾಗಿಲು ಹಾಕಿರುತ್ತವೆ. ಹಾಗಾಗಿ ಮ್ಯೂಸಿಯಂಗಳೆಲ್ಲ 23ರೊಳಗೆ ಮುಗಿಯಬೇಕು. 24ರಂದು ಸೂಪರ್‌ಮಾರ್ಕೆಟ್‌ಗಳು ಸಂಜೆಗೇ ಮುಚ್ಚುತ್ತವೆ, ದೂರದ ರೈಲುಗಳೂ ಬೇಗ ನಿಲ್ಲುತ್ತವೆ. ಮಧ್ಯಾಹ್ನದೊಳಗೆ ಎರಡು ದಿನಕ್ಕೆ ಬೇಕಾದ ಹಾಲು, ಮೊಸರು, ಬ್ರೆಡ್ಡು, ಹಣ್ಣು, ತರಕಾರಿ ಮನೆಗೆ ಬಂದಿರಲಿ. ಸಂಜೆಗೆ ಹೋದರೆ ಖಾಲಿ ಶೆಲ್ಫಿನಲ್ಲಿ ಬ್ರಸೆಲ್ಸ್ ಸ್ಪ್ರೌಟ್ ಎಂಬ ಪುಟಾಣಿ ಎಲೆಕೋಸು ಮಾತ್ರ ನಿಮ್ಮನ್ನು ನೋಡುತ್ತಿರುತ್ತದೆ.

25ಕ್ಕೆ ಸುರಂಗ ರೈಲು, ಕೆಂಪು ಬಸ್ಸು, ಎಲಿಜಬೆತ್ ಲೈನ್, ಊರಿನಿಂದಾಚೆ ಹೋಗುವ ರೈಲು, ಯಾವುದೂ ಇಲ್ಲ. ಕಡಿಮೆ ಓಡಾಟ ಅಂತಲ್ಲ, ಓಡಾಟವೇ ಇಲ್ಲ. ಕಪ್ಪು ಟ್ಯಾಕ್ಸಿಗಳೂ ಆ್ಯಪ್ ಕಾರುಗಳೂ ಸಿಗುತ್ತವೆ, ದರ ಏರಿರುತ್ತದೆ. ದೊಡ್ಡ ಅಂಗಡಿಗಳು ಆ ದಿನ ತೆರೆಯುವಂತೆಯೇ ಇಲ್ಲ. 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ವ್ಯಾಪಾರ ಮಾಡಬಾರದೆಂದು 2004ರಲ್ಲಿ ಕಾಯ್ದೆಯನ್ನೇ ಮಾಡಿದ್ದಾರೆ. ಮೂಲೆಯ ಸಣ್ಣ ಅಂಗಡಿ ತೆರೆದಿದ್ದರೆ ನಿಮ್ಮ ಅದೃಷ್ಟ.

ಹಾಗಾದರೆ ಏನು ಮಾಡುವುದು? ನಡೆಯುವುದು. ಗಾಡಿಗಳಿಲ್ಲದ ಲಂಡನ್ ನೋಡಲು ಸಿಗುವುದು ವರ್ಷಕ್ಕೆ ಅದೊಂದೇ ದಿನ. ಸೂರ್ಯ ಹುಟ್ಟುವುದು ಎಂಟಕ್ಕೆ, ಮುಳುಗುವುದು ಸಂಜೆ ನಾಲ್ಕಕ್ಕೂ ಮುಂಚೆ. ಆದ್ದರಿಂದ ಬೆಳಿಗ್ಗೆ ಹಾಸಿಗೆಯಲ್ಲಿ ಹೊರಳಾಡುವ ಹಾಗಿಲ್ಲ. ಒಂಬತ್ತಕ್ಕೆ ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯ ದಂಡೆಯಲ್ಲಿರಿ. 1864ರಿಂದ ಅಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಈಜು ಸ್ಪರ್ಧೆ ನಡೆದುಬಂದಿದೆ. ಕೊರೆಯುವ ನೀರಿನಲ್ಲಿ ನೂರು ಗಜ. ಗೆದ್ದವರಿಗೆ ಪೀಟರ್ ಪ್ಯಾನ್ ಕಪ್. ಈಜುವುದು ಅಲ್ಲಿನ ಈಜು ಕ್ಲಬ್ಬಿನ ಸದಸ್ಯರಿಗೆ ಮಾತ್ರ, ನೋಡುವುದಕ್ಕೆ ದುಡ್ಡಿಲ್ಲ. ಎಪ್ಪತ್ತು ದಾಟಿದಂತೆ ಕಾಣುವವರು ಚಡ್ಡಿಯಲ್ಲಿ ನೀರಿಗಿಳಿಯುವಾಗ, ಮೂರು ಸ್ವೆಟರ್ ತೊಟ್ಟ ನಮಗೆ ನಡುಕ ಹತ್ತುತ್ತದೆ.

ಅಲ್ಲಿಂದ ಬಕಿಂಗ್‌ಹ್ಯಾಮ್ ಅರಮನೆ, ಸೇಂಟ್ ಜೇಮ್ಸ್ ಪಾರ್ಕ್, ವೆಸ್ಟ್‌ಮಿನ್‌ಸ್ಟರ್. ವೆಸ್ಟ್‌ಮಿನ್‌ಸ್ಟರ್ ಆ್ಯಬಿ ಅಂದು ಪ್ರವಾಸಿಗರಿಗೆ ಇಲ್ಲ, ಪ್ರಾರ್ಥನೆಗೆ ಬರುವವರಿಗೆ ಮಾತ್ರ. ಒಳಗೆ ಹೋಗುವ ಮನಸ್ಸಿದ್ದರೆ ಉಚಿತ ಟಿಕೆಟ್ ಬೇಕೇ ಎಂದು ತಿಂಗಳ ಮುಂಚೆಯೇ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಆಮೇಲೆ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಬನ್ನಿ. ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆಯಿದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಬೇರೆ ದಿನ ಹೋದವರು ಟ್ಯಾಕ್ಸಿ ಕಾಯುತ್ತಿದೆಯೆಂದು ಫೋಟೊ ಹೊಡೆದು ಓಡಿಬರುತ್ತಾರೆ. ಅಂದು ಆ ಗಡಿಬಿಡಿ ಇರುವುದಿಲ್ಲ, ಹತ್ತು ನಿಮಿಷ ನಿಲ್ಲಿ. ಮಂಡಿನೋವಿನ ಹಿರಿಯರಿದ್ದರೆ ಇಷ್ಟೆಲ್ಲ ನಡೆಸಬೇಡಿ. ಸರ್ಪೆಂಟೈನ್ ಬಿಡಿ, ವೆಸ್ಟ್‌ಮಿನ್‌ಸ್ಟರ್‌ವರೆಗೆ ಕಾರು ಮಾಡಿ, ಅದನ್ನೂ ಹಿಂದಿನ ರಾತ್ರಿಯೇ ಗೊತ್ತುಮಾಡಿ.

ಹೊರಗೆ ಊಟ ಅಂದುಕೊಂಡಿದ್ದರೆ ನವೆಂಬರ್‌ನಲ್ಲೇ ಟೇಬಲ್ ಕಾಯ್ದಿರಿಸಬೇಕು. ಅಂದು ಬಹಳಷ್ಟು ಕಡೆ ಸಿಗುವುದು ದುಬಾರಿ ಹಬ್ಬದ ಊಟ ಮಾತ್ರ. ಚೈನಾಟೌನ್, ಎಜ್‌ವೇರ್ ರಸ್ತೆ ಕಡೆ ಒಂದಷ್ಟು ಹೋಟೆಲ್‌ಗಳು ತೆರೆದಿರುತ್ತವೆ. ಸಸ್ಯಾಹಾರಿಗಳು ಯೂಸ್ಟನ್ ಹಿಂದಿನ ಡ್ರಮ್ಮಂಡ್ ರಸ್ತೆಯ ಭಾರತೀಯ ಹೋಟೆಲ್‌ಗಳನ್ನು ವಿಚಾರಿಸಬಹುದು. ಗೂಗಲ್ ‘ತೆರೆದಿದೆ’ ಅಂದರೆ ನಂಬಬೇಡಿ, ಫೋನ್ ಮಾಡಿ ಬಾಯಲ್ಲಿ ಕೇಳಿ.

26 ಬಾಕ್ಸಿಂಗ್ ಡೇ, ಅದೂ ರಜೆ. ಸುರಂಗ ರೈಲು, ಬಸ್ಸು ಮತ್ತೆ ಶುರುವಾಗುತ್ತವೆ, ಆದರೆ ಎಂದಿನಷ್ಟಲ್ಲ. ಊರಾಚೆಯ ರೈಲುಗಳಲ್ಲಿ ಹೆಚ್ಚಿನವು ಅಂದೂ ಇಲ್ಲ. ಆಕ್ಸ್‌ಫರ್ಡ್, ಬಾತ್ ಅಂತ ಹೊರಡಬೇಡಿ. ರೈಲ್ವೆಯವರು ಹಳಿ ದುರಸ್ತಿಗೆ ಇದೇ ರಜೆಯನ್ನು ಕಾದಿರುತ್ತಾರೆ, ದೊಡ್ಡ ನಿಲ್ದಾಣಗಳನ್ನೇ ಕೆಲವು ದಿನ ಮುಚ್ಚುವುದುಂಟು. 28ಕ್ಕೆ ವಾಪಸಾಗುವವರೂ ವಿಮಾನ ನಿಲ್ದಾಣದ ರೈಲು ಅಂದು ಓಡುತ್ತದೆಯೇ ಎಂದು ನೋಡಿಕೊಳ್ಳಲೇಬೇಕು. 26ಕ್ಕೆ ಬೇಕಾದರೆ ಆಕ್ಸ್‌ಫರ್ಡ್ ಸ್ಟ್ರೀಟಿನ ರಿಯಾಯಿತಿ ಮಾರಾಟಕ್ಕೆ ಹೋಗಿ. ನಾನಂತೂ ಆ ನೂಕುನುಗ್ಗಲಿಗೆ ಹೋಗುವುದಿಲ್ಲ.

ಹೆಜ್ಜೆ 5: ಮುಂಗಡ ಟಿಕೆಟ್‌ಗಳು

ಹೈಡ್ ಪಾರ್ಕಿನ ಚಳಿಗಾಲದ ಜಾತ್ರೆ ವಿಂಟರ್ ವಂಡರ್‌ಲ್ಯಾಂಡ್‌ಗೆ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು, 25ಕ್ಕೆ ಅದೂ ಬಂದ್. ಜಾತ್ರೆಯ ತೊಟ್ಟಿಲು ಹತ್ತಿ ಬೆಳೆದವರಿಗೆ ಅಲ್ಲಿ ಹೊಸದೇನಿಲ್ಲ. ಮಕ್ಕಳು ಹಟ ಮಾಡಿದರೆ ವಾರದ ದಿನ ಬೆಳಿಗ್ಗೆ ಹೋಗಿ. ಹೊಸ ವರ್ಷದ ಬಾಣಬಿರುಸಿಗೆ 2014ರಿಂದ ಟಿಕೆಟ್ ಇದೆ. ಟಿಕೆಟ್ ಇಲ್ಲದೆ ಥೇಮ್ಸ್ ಕಡೆ ಹೋದರೆ ಕಾಣುವುದು ಎದುರಿನವರ ಟೋಪಿ.

‘ಎಲ್ಲ ನೋಡಿ’ ಅನ್ನುವ ಪಾಸುಗಳನ್ನು ಕಣ್ಣುಮುಚ್ಚಿ ಕೊಳ್ಳಬೇಡಿ. ಮೇಲೆ ಹೇಳಿದ ಮೂರೂ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಟ್ರಫಾಲ್ಗರ್ ಚೌಕದ ದೊಡ್ಡ ಕ್ರಿಸ್‌ಮಸ್ ಮರಕ್ಕೂ ದುಡ್ಡಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಜೊತೆ ನಿಂತಿತೆಂಬ ಕೃತಜ್ಞತೆಗೆ ನಾರ್ವೆ 1947ರಿಂದ ಪ್ರತಿವರ್ಷ ಕಳಿಸುವ ಮರ ಅದು. ಕತ್ತಲಾದ ಮೇಲೆ ನೋಡಿ. ಕತ್ತಲು ಹೇಗೂ ನಾಲ್ಕೂವರೆಗೇ ಬಂದಿರುತ್ತದೆ.

ಹೆಜ್ಜೆ 6: ಊರೊಳಗಿನ ಓಡಾಟ

ಟಿಕೆಟ್ಟಿನ ಬದಲು ಗೇಟಿಗೆ ಮುಟ್ಟಿಸುವ ಕಾರ್ಡು (ಲಂಡನ್ ಸಾರಿಗೆಯ ಆಯ್ಸ್ಟರ್ ಅಥವಾ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡು) ಒಬ್ಬರಿಗೊಂದು ಇರಲಿ, ಸುರಂಗ ರೈಲಿಗೆ ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿದಾಗಲೂ ಮುಟ್ಟಿಸಿ, 11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ.

ಹೆಜ್ಜೆ 7: ಪೆಟ್ಟಿಗೆ ಕಟ್ಟುವುದು

ದಪ್ಪ ಕೋಟು ಒಂದಕ್ಕಿಂತ ತೆಳು ಉಡುಪು ಮೂರು ಲೇಸು, ಯಾಕೆಂದರೆ ರೈಲಿನೊಳಗೆ, ಅಂಗಡಿಯೊಳಗೆ ಸೆಕೆ. ಕೊಡೆ ಬೇಡ, ಸೇತುವೆ ಮೇಲಿನ ಗಾಳಿಗೆ ಮಡಚುಕೊಡೆ ಉಲ್ಟಾ ಆಗುತ್ತದೆ. ಟೋಪಿಯಿರುವ ಮಳೆಕೋಟು ತನ್ನಿ. ನಮ್ಮ ಚಾರ್ಜರ್ ಪಿನ್ನು ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ. ‘ಎಲ್ಲ ದೇಶಕ್ಕೂ ಒಂದೇ’ ಎಂದು ಬರುವ ಸಡಿಲ ಅಡಾಪ್ಟರ್ ಬಿಟ್ಟು, ಬ್ರಿಟನ್ನಿನ ಚೌಕಪಿನ್ನಿನದ್ದೇ ಎರಡು ಕೊಳ್ಳಿ.

ತಿಂಡಿ ವಿಷಯ. ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿನೊಳಗೆ ಒಯ್ಯುವಂತಿಲ್ಲ. ಧಾರವಾಡ ಪೇಡ, ಮನೆಯ ತುಪ್ಪ ಎರಡನ್ನೂ ಕಸ್ಟಮ್ಸ್‌ನಲ್ಲಿ ಎತ್ತಿಟ್ಟುಕೊಂಡಾರು. ಚಟ್ನಿಪುಡಿ ನಡೆಯುತ್ತದೆ. 25ರ ಮಧ್ಯಾಹ್ನ ನಡೆದು ಸುಸ್ತಾಗಿ ಬಂದಾಗ ಬಿಸಿ ಅನ್ನ, ಚಟ್ನಿಪುಡಿಯ ಮೇಲೆ ತುಪ್ಪವೂ ಬೇಕು ಅನ್ನುವವರು 23ಕ್ಕೇ ಅಲ್ಲಿನ ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡಿಡಿ.