ಸೂಜಿಗಿಂತ ಮೊದಲು ಹಗ್ಗ

ದನದ ದವಾಖಾನೆಗೆ ಕೆಲಸ ಕಲಿಯಲು ಬಂದವರ ಕಣ್ಣು ಮೊದಲು ಹೋಗುವುದು ಸಿರಿಂಜಿನ ಕಡೆ. ನಾನು ಕಲಿತ ಕ್ರಮ ಬೇರೆ, ಈಗ ಗೋಕಾಕ, ಮೂಡಲಗಿ ಕಡೆಯ ಹುಡುಗರಿಗೆ ಕಲಿಸುವುದೂ ಅದನ್ನೇ: ಮೊದಲು ಹಗ್ಗ, ಆಮೇಲೆ ಥರ್ಮಾಮೀಟರು, ಕಡೆಗೆ ಸೂಜಿ.

ಒಂದು ಮಾತು ಮೊದಲೇ ತಿಳಿದಿರಲಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ವೈದ್ಯರದು. ಡಿಪ್ಲೊಮಾ, ಸರ್ಟಿಫಿಕೇಟ್ ಇದ್ದವರು ಅವರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು, ಅಷ್ಟೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಬೀದರಿನ ಪಶು ವಿಶ್ವವಿದ್ಯಾಲಯದಡಿ 2 ವರ್ಷದ ಡಿಪ್ಲೊಮಾ ಇದೆ. ಈ ಕೆಲಸದಲ್ಲೇ ಉಳಿಯುವವರು ಅದನ್ನು ಮಾಡಿಕೊಳ್ಳಲೇಬೇಕು.

ಹಗ್ಗದಲ್ಲಿ ಮೊದಲ ಪಾಠ, ತುದಿ ಜಗ್ಗಿದರೆ ಒಮ್ಮೆಲೇ ಬಿಚ್ಚುವ ಗಂಟು. ಕಟ್ಟಿದ ಆಕಳು ಜಾರಿ ಬಿದ್ದರೆ ಬಿಗಿದ ಗಂಟು ಕುತ್ತಿಗೆಗೆ ಉರುಲಾಗುತ್ತದೆ. ಕೆಡವಲೇಬೇಕಾದಾಗ ಸುಮಾರು 10 ಮೀಟರ್ ಹಗ್ಗ ಬೇಕು: ಕೊರಳಿಗೆ ಜಾರದ ಕುಣಿಕೆ, ಮುಂಗಾಲ ಹಿಂದೆ ಒಂದು ಸುತ್ತು, ಕೆಚ್ಚಲ ಮುಂದೆ ಇನ್ನೊಂದು, ಆಮೇಲೆ ಹಿಂದಕ್ಕೆ ನಿಧಾನವಾಗಿ ಎಳೆತ. ಹಗ್ಗ ಕೆಚ್ಚಲ ಮೇಲೆ ಬರಬಾರದು. ಬಲ ಮಗ್ಗುಲಿಗೆ ಕೆಡವಬೇಕು, ಮೇವಿನ ಹೊಟ್ಟೆ ಎಡಕ್ಕಿರುತ್ತದೆ. ಹೆಚ್ಚು ಹೊತ್ತು ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ.

ಥರ್ಮಾಮೀಟರು ಗುದದೊಳಗೆ ಗೋಡೆಗೆ ತಾಗಿರಬೇಕು, 2 ನಿಮಿಷ ಬಿಡಬೇಕು. ಸೆಗಣಿಯೊಳಗೆ ಸಿಕ್ಕಿಕೊಂಡರೆ ಓದು ಕಡಿಮೆ ಬರುತ್ತದೆ. ಆಕಳಿಗೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಏಪ್ರಿಲ್ ಬಿಸಿಲಲ್ಲಿ ಕಟ್ಟಿದ ಎಮ್ಮೆಗೆ ಜ್ವರವಿಲ್ಲದೆಯೂ ಓದು ಏರುತ್ತದೆ. ಕಪ್ಪು ಚರ್ಮ, ಬೆವರೂ ಕಡಿಮೆ. ನೆರಳಿಗೆ ಕಟ್ಟಿ, ನೀರು ಕುಡಿಸಿ, ಅರ್ಧ ತಾಸಿನ ಮೇಲೆ ಮತ್ತೆ ನೋಡಬೇಕು.

ಸಹಾಯಕರ ಕೈ ನಿಜವಾಗಿ ಪರೀಕ್ಷೆಗೆ ಬೀಳುವುದು ಹಾಲುಜ್ವರದಲ್ಲಿ. ರಕ್ತದೊಳಗೆ ಕ್ಯಾಲ್ಸಿಯಂ ಇಳಿದು ಬರುವ ಬೇನೆ ಇದು, ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಹೆಚ್ಚು ಹಾಲು ಕೊಡುವ ಆಕಳು ಈದ ಎರಡು ಮೂರು ದಿನದೊಳಗೆ ನೆಲ ಹಿಡಿದಿರುತ್ತದೆ, ಕಿವಿ ತಣ್ಣಗೆ, ಮೂಗು ಒಣಗಿ, ಕುತ್ತಿಗೆ ಹೊಟ್ಟೆಯ ಕಡೆ ತಿರುಗಿರುತ್ತದೆ. ನಮ್ಮಲ್ಲಿ ಕಬ್ಬಿನ ವಾಡೆಯೇ, ಅಂದರೆ ತುದಿಯ ಹಸಿರು ಸೋಗೆಯೇ, ಮುಖ್ಯ ಮೇವಾದ ಮನೆಗಳಿವೆ. ಅದರೊಳಗಿನ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಅದನ್ನೂ ಮನೆಯವರಿಗೆ ತಿಳಿಸಿ ಹೇಳಬೇಕು.

ಡಾಕ್ಟರು ಬರುವಷ್ಟರಲ್ಲಿ ಆಕಳನ್ನು ಎದೆಯ ಮೇಲೆ ಕೂರಿಸಿ, ಮಗ್ಗುಲಿಗೆ ಕಣಕಿಯ (ಒಣ ಜೋಳದ ದಂಟಿನ) ಸಿವುಡು ಒತ್ತು ಕೊಡಬೇಕು. ಬಾಯಿಗೆ ಎಣ್ಣೆ, ಗಂಜಿ ಏನೂ ಬೇಡ. ನುಂಗುವ ಶಕ್ತಿ ಇರುವುದಿಲ್ಲ, ಅದು ಶ್ವಾಸಕೋಶಕ್ಕಿಳಿದು ಜೀವ ತೆಗೆಯುತ್ತದೆ. 450 ಮಿಲಿಲೀಟರಿನ ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಮೈಬಿಸಿಗೆ ತಂದು, ನಳಿಕೆಯ ಗಾಳಿ ಪೂರಾ ಹೊರಗೆ ಹಾಕಬೇಕು. ಡಾಕ್ಟರು ಕೊರಳ ನರಕ್ಕೆ ಸೂಜಿ ಹಾಕಿದಾಗ ರಕ್ತ ಸರಾಗ ಹರಿದ ಮೇಲೆಯೇ ನಳಿಕೆ ಜೋಡಿಸಬೇಕು. ಸೂಜಿ ನರದ ಹೊರಗೆ ಜಾರಿದರೆ ಔಷಧಿ ಸುತ್ತಲಿನ ಮಾಂಸಕ್ಕಿಳಿದು ಕುತ್ತಿಗೆ ಊದುತ್ತದೆ.

ಬಾಟಲಿ ಹಿಡಿದ ಕೈಯೇ ಇಲ್ಲಿ ಔಷಧಿಯ ವೇಗ. ಮೇಲೆತ್ತಿದರೆ ಜೋರು, ಇಳಿಸಿದರೆ ನಿಧಾನ. ಕನಿಷ್ಠ 10ರಿಂದ 20 ನಿಮಿಷ ತೆಗೆದುಕೊಳ್ಳಲೇಬೇಕು. ಅವಸರ ಮಾಡಿದರೆ ಕ್ಯಾಲ್ಸಿಯಂ ಹೃದಯವನ್ನೇ ನಿಲ್ಲಿಸುತ್ತದೆ. ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರು ಬಡಿತ ತಪ್ಪುತ್ತಿದೆ ಎಂದ ಕೂಡಲೇ ಬಾಟಲಿ ಕೆಳಗಿಳಿಯಬೇಕು. ಮೈ ನಡುಗಿ, ಮೂಗಿನ ಮೇಲೆ ಬೆವರ ಹನಿ ಮೂಡಿ, ತೇಗಿ, ಸೆಗಣಿ ಹಾಕಿತೆಂದರೆ ಗುಣವಾಗುತ್ತಿದೆ. ಅದನ್ನು ಎಷ್ಟು ಸಲ ನೋಡಿದರೂ ಮನಸ್ಸು ತುಂಬುತ್ತದೆ. ಮರುದಿನದವರೆಗೆ ಕೆಚ್ಚಲು ಬರಿದಾಗುವಂತೆ ಹಿಂಡಬಾರದು.

ಲಸಿಕೆ ಕೆಲಸ ಸುಲಭ, ಪೆಟ್ಟಿಗೆಯೊಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯ್ದರೆ ಸಾಕು. ಕಾಲುಬಾಯಿ ಬೇನೆಯ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಂತೆ, ಬಾಟಲಿಗೆ ಐಸ್ ನೇರವಾಗಿ ತಾಗಬಾರದು.

ನಿಮ್ಮ ಮೈ ಕಾಯುವುದನ್ನು ಕೆಲಸದ ಮೊದಲ ವಾರವೇ ಶುರುಮಾಡಿ. ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ಜೊಲ್ಲು ಸುರಿಸುತ್ತ, ನುಂಗಲಾರದೆ ನಿಂತ ಎಮ್ಮೆಗೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮನೆಯವರು ಹೇಳುತ್ತಾರೆ. ರೇಬಿಸ್ ಕೂಡ ಹೀಗೇ ಕಾಣುತ್ತದೆ, ಬರಿಗೈಯನ್ನು ಅದರ ಬಾಯಿಗೆ ಹಾಕಬೇಡಿ. ಕಂದು ಹಾಕಿದ ಆಕಳ ಕಸ (ಮಾಸು) ತೆಗೆಯುವಾಗಲೂ ಹಾಗೆಯೇ, ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಭುಜದವರೆಗಿನ ಕೈಗವಸು ಹಾಕಿ, ಕಸವನ್ನು ನಾಯಿ ಕೆದರದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.