ಮಣ್ಣಿನ ಬಾನಿಯಲ್ಲಿ ಹದಕ್ಕೆ ಬಂದ ಏಲ್

ತೀರ್ಥಹಳ್ಳಿ ಸೀಮೆಯ ಸೆಕೆಗೂ ಶೀತಕ್ಕೂ ಬಿಯರ್ ಹಳಸುತ್ತದೆಯೇ ಹೊರತು ಹಳತಾಗುವುದಿಲ್ಲ ಎಂದು ವಾದಿಸಿದವರೆಲ್ಲ ಈ ಸಲ ನಮ್ಮ ಜಗುಲಿಯಲ್ಲಿ ಕುಳಿತು ಎರಡನೆಯ ಲೋಟ ಕೇಳಿದರು. ನಮ್ಮ ಭಾವ ಮೂರನೆಯದನ್ನೂ ಕೇಳಿದರು, ನಾನು ಕೊಡಲಿಲ್ಲ.

ಬಾಟಲಿ ಫುಲ್ಲರ್ಸ್ ವಿಂಟೇಜ್ ಏಲ್, ವರ್ಷಗಟ್ಟಲೆ ಇಟ್ಟು ಹದಗೊಳಿಸಬಹುದಾದ ಗಟ್ಟಿ ಬಿಯರ್. ಲಂಡನ್ನಿನ ಚಿಸ್ವಿಕ್‌ನಲ್ಲಿ 1997ರಲ್ಲಿ ಶುರುವಾದದ್ದು, ವರ್ಷಕ್ಕೊಂದು ಬ್ಯಾಚ್, ಶೇ. 8.5 ಮದ್ಯಸಾರ, ಒಳಗೆ ಹುದುಗು ಬರಿಸುವ ಜೀವಂತ ಯೀಸ್ಟ್. ಸುಂಕವಿಲ್ಲದೆ ತರಬಹುದಾದದ್ದು ತಲೆಗೆ ಎರಡು ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಅಲ್ಲಿಂದ ಬರುವ ನೆಂಟರನ್ನು ಕಾಡಿ ಬೇಡಿ ತರಿಸುತ್ತಿದ್ದೆ. ಒಂದಕ್ಕೆ ಏಳೆಂಟು ನೂರು ರೂಪಾಯಿ ಬಿದ್ದಿರಬೇಕು.

ಫ್ರಿಜ್ಜಿನಲ್ಲಿಡಿ ಎನ್ನುವವರಿಗೆ ನಮ್ಮ ಮಳೆಗಾಲದ ಕರೆಂಟಿನ ಗುಣ ತಿಳಿಯದು. ಬಾಟಲಿಗಳನ್ನು ತಂಪಾಗಿಡುವ ವೈನ್ ಕಪಾಟಿನ ಬೆಲೆ ವಿಚಾರಿಸಿದೆ. ಆ ದುಡ್ಡಿಗೆ ಅಡಿಕೆ ಕೊಯ್ಲಿನ ಕೂಲಿಯಲ್ಲಿ ಒಂದು ಪಾಲು ತೀರುತ್ತಿತ್ತು. ನಡುಮನೆಯ ಪಕ್ಕದ ಕತ್ತಲೆ ಕೋಣೆಯೇ ಸಾಕೆನಿಸಿತು. ಮೂರು ಕಡೆ ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ.

ಮೊದಲ ಮಳೆಗಾಲದಲ್ಲೇ ರಟ್ಟಿನ ಪೆಟ್ಟಿಗೆಗಳನ್ನು ಗೆದ್ದಲು ಮುಗಿಸಿತು. ಲೇಬಲ್ಲಿಗೆ ಬೂಷ್ಟು ಹಿಡಿದು ಇಸವಿಯೇ ಕಾಣದಾಯಿತು. ಮುಚ್ಚಳದ ಅಂಚಿಗೆ ತುಕ್ಕು. ಎರಡು ಬಾಟಲಿಯ ಗ್ಯಾಸು ಸೋರಿ ಏಲ್ ಸಪ್ಪೆಯಾಗಿತ್ತು, ಸಾವಿರದೈನೂರು ನೀರುಪಾಲು. ಆಮೇಲೆ ಮುಚ್ಚಳಗಳನ್ನು ಕಾಯಿಸಿದ ಜೇನುಮೇಣದಲ್ಲಿ ಅದ್ದಿದೆ. ಬರಿಯ ಮೇಣ ಬಿರುಕು ಬಿಡುತ್ತದೆ, ಅದಕ್ಕೊಂದು ಬೆರಕೆ ಬೇಕು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

ಬೇಸಗೆಗೆ ಮಣ್ಣಿನ ಬಾನಿ ತಂದು ಮರಳು ತುಂಬಿ, ಬಾಟಲಿಗಳನ್ನು ಕತ್ತಿನವರೆಗೆ ನೆಟ್ಟಗೆ ಹೂತೆ. ಬೆಳಗ್ಗೆ ಒಂದು ಚೊಂಬು ನೀರು ಮರಳಿಗೆ. ಏಪ್ರಿಲ್‌ನಲ್ಲಿ ಅಂಗಳದಲ್ಲಿ 35 ಡಿಗ್ರಿ ದಾಟಿದಾಗಲೂ ಮರಳಿನೊಳಗೆ 24ರ ಆಸುಪಾಸು. ಮಳೆ ಹಿಡಿದ ಮೇಲೆ ನೀರು ಹಾಕಿ ಪ್ರಯೋಜನವಿಲ್ಲ, ಆರುವುದೇ ಇಲ್ಲವಲ್ಲ. ಇಂಗ್ಲೆಂಡಿನ ನೆಲಮಾಳಿಗೆಯ 12-13 ಡಿಗ್ರಿ ನಮಗೆಲ್ಲಿ ಬರಬೇಕು? ಆದರೆ ಅಲ್ಲಿ ಹತ್ತು ವರ್ಷ ಬೇಕಾಗುವ ಹದ ಇಲ್ಲಿ ಐದಾರು ವರ್ಷಕ್ಕೇ ಸಿಗುತ್ತದೆ ಎಂಬುದು ನನ್ನ ಲೆಕ್ಕ.

ಹೋಲಿಸಿ ನೋಡಲೆಂದೇ ಒಂದನ್ನು ಹೆಂಚಿನ ಕೆಳಗಿನ ಅಟ್ಟದಲ್ಲಿ ಒಂದು ಬೇಸಗೆ ಬಿಟ್ಟಿದ್ದೆ. ನೆನೆದ ರಟ್ಟಿನ ವಾಸನೆ, ಹಿಂದೆಯೇ ಸೋಯಾ ಸಾಸಿನ ಉಪ್ಪು. ರಟ್ಟಿನ ವಾಸನೆ ಬರುವುದು ಬಿಯರಿಗೆ ಆಮ್ಲಜನಕ ತಾಗಿ, ಸೋಯಾ ರುಚಿ ಬರುವುದು ಸತ್ತ ಯೀಸ್ಟ್ ಸೆಕೆಗೆ ಒಡೆದು.

ಬಾನಿಯದ್ದನ್ನು ಬಾವಿ ನೀರಿನ ಕೊಡದಲ್ಲಿ ಮುಳುಗಿಸಿ, ನಾಲ್ಕು ತುಂಡು ಐಸ್ ಹಾಕಿ 14 ಡಿಗ್ರಿಗೆ ತಂದು ತೆರೆದೆ. ಸಣ್ಣಗೆ ಉಸ್ಸೆಂದಿತು. ನೊರೆ ತೆಳು, ಬಣ್ಣ ಕಾಚಿನದು. ತಣ್ಣಗಿದ್ದಾಗ ಕಿತ್ತಳೆ ಸಿಪ್ಪೆ. ಅಂಗೈಯಲ್ಲಿ ಲೋಟ ಬೆಚ್ಚಗಾದಂತೆ ಖರ್ಜೂರ, ಒಣದ್ರಾಕ್ಷಿ, ಶೆರ್ರಿ ಎಂಬ ಸ್ಪೇನಿನ ವೈನಿನ ಘಮ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಬಹುಪಾಲು ಇಳಿದು ನಾಲಗೆಯ ಬುಡದಲ್ಲಷ್ಟೇ ಉಳಿದಿತ್ತು. ಜೊತೆಗೆ ಅಪ್ಪೆಮಿಡಿ ಇಟ್ಟದ್ದು ದಂಡ, ಉಪ್ಪು ಹುಳಿಗೆ ಏಲ್ ಮಂಕಾಯಿತು. ತೊಡೆದೇವು ಮಾತ್ರ ಸರಿಯಾಗಿ ಕೂಡಿತು.

ಯೀಸ್ಟ್ ಇನ್ನೂ ಬದುಕಿದೆಯೇ ಎಂದು ತಳದ ಗಸಿಯನ್ನು ಅಪ್ಪದ ಹಿಟ್ಟಿಗೂ ಹಾಕಿ ನೋಡಿದೆ. ರಾತ್ರಿಯಿಡೀ ಒಂದು ಗುಳ್ಳೆ ಏಳಲಿಲ್ಲ. ಬಾನಿಯಲ್ಲಿ ಇನ್ನೂ ಐದಾರು ಬಾಟಲಿ ಇವೆ. ಎರಡನ್ನು ಹತ್ತು ವರ್ಷ ತುಂಬುವವರೆಗೆ ಮುಟ್ಟುವುದಿಲ್ಲ, ಉಳಿದವು ಬರುವ ದೀಪಾವಳಿಗೆ.