ಫಿಂಚ್‌ಗಳಿಗೆ ಗೂಡು ಕೊಡುವ ಕಾಲ, ಗೂಡು ತೆಗೆಯುವ ಕಾಲ

ಫಿಂಚ್ ಹಕ್ಕಿಗಳನ್ನು ಹೊಸದಾಗಿ ಸಾಕತೊಡಗಿದವರು ಮೊದಲು ಕೇಳುವುದು ಯಾವ ತಿಂಗಳಲ್ಲಿ ಗೂಡು ಇಡಬೇಕು ಎಂದು. ಇದಕ್ಕೆ ಒಂದು ತಿಂಗಳಿನ ಹೆಸರು ಹೇಳಿ ಉತ್ತರಿಸಲು ಬರುವುದಿಲ್ಲ, ಏಕೆಂದರೆ ಕಾಡಿನಲ್ಲಿ ಈ ಹಕ್ಕಿಗಳು ಮರಿ ಮಾಡುವ ಕಾಲವನ್ನು ನಿರ್ಧರಿಸುವ ನೀರು, ಹಸಿ ಕಾಳು, ಬೆಳಕು ಇವೆಲ್ಲವೂ ಪಂಜರದಲ್ಲಿ ಸಾಕುವವರ ಕೈಯಲ್ಲಿರುತ್ತವೆ. ವರ್ಷವಿಡೀ ತುಂಬಿದ ಬಟ್ಟಲು, ಕತ್ತಲಾದ ಮೇಲೂ ಉರಿಯುವ ದೀಪ, ಮೂಲೆಯಲ್ಲಿ ಸದಾ ತೂಗುವ ಗೂಡು ಇದ್ದರೆ ಜೀಬ್ರಾ ಫಿಂಚ್‌ನ ಪಾಲಿಗೆ ಅದು ಮುಗಿಯದ ಸುಗ್ಗಿ. ಅದು ಮೊಟ್ಟೆ ಇಡುತ್ತಲೇ ಹೋಗುತ್ತದೆ, ಮೈ ಸೋತರೂ ನಿಲ್ಲಿಸುವುದಿಲ್ಲ. ಆದ್ದರಿಂದ ಆರಂಭದ ದಿನವನ್ನು ಗೊತ್ತುಮಾಡುವಾಗಲೇ ಮುಗಿಸುವ ದಿನವನ್ನೂ ಗೊತ್ತುಮಾಡಿಕೊಳ್ಳಬೇಕು.

ಲೆಕ್ಕ ಶುರುವಾಗುವುದು ನಿಮ್ಮ ಬಳಿ ಇರುವ ಜಾತಿಯಿಂದ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಪ್ರದೇಶಗಳ ಹಕ್ಕಿ. ಅಲ್ಲಿ ಮಳೆಗೆ ನಿಗದಿಯಾದ ಕಾಲವಿಲ್ಲದ ಕಾರಣ, ಮಳೆ ಬಿದ್ದು ಹುಲ್ಲು ತೆನೆ ಕಟ್ಟಿದಾಗ ತಡಮಾಡದೆ ಗೂಡು ಕಟ್ಟಲು ಅನುವಾಗುವಂತೆ ಅದರ ದೇಹ ವರ್ಷದ ಬಹುಭಾಗ ಸಿದ್ಧವಾಗಿಯೇ ಇರುತ್ತದೆ. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದುಬಂದ ಬೆಂಗಲೀಸ್ ಫಿಂಚ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಗೌಲ್ಡಿಯನ್ ಫಿಂಚ್ ಉತ್ತರ ಆಸ್ಟ್ರೇಲಿಯಾದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತು ಒಣಹವೆಯ ಮೊದಲ ತಿಂಗಳುಗಳಲ್ಲಿ, ಜೋಳದ ಕುಲದ ಕಾಡುಹುಲ್ಲುಗಳ ಕಾಳು ಹೇರಳವಾಗಿರುವಾಗ, ಅದು ಮರದ ಪೊಟರೆಗಳಲ್ಲಿ ಮರಿ ಮಾಡುತ್ತದೆ. ಕ್ಯಾನರಿಯನ್ನು ನಡೆಸುವುದು ಹಗಲಿನ ಉದ್ದ. ಹಗಲು ಬೆಳೆಯುತ್ತಿರುವುದನ್ನು ಅದರ ಮಿದುಳಿನ ಒಳಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ಕೋಶಗಳು ಅರಿತುಕೊಂಡು ಹಾರ್ಮೋನುಗಳ ಮೂಲಕ ವೃಷಣ ಮತ್ತು ಅಂಡಾಶಯಗಳನ್ನು ಬೆಳೆಸುತ್ತವೆ. ಆದರೆ ಉದ್ದನೆಯ ಹಗಲು ಬಹಳ ಕಾಲ ಮುಂದುವರಿದರೆ ದೇಹ ಅದೇ ಬೆಳಕಿಗೆ ಸ್ಪಂದಿಸುವುದನ್ನು ಬಿಟ್ಟು ಗರಿ ಉದುರಿಸತೊಡಗುತ್ತದೆ. ರಾತ್ರಿ ಹನ್ನೊಂದರವರೆಗೂ ದೀಪ ಉರಿಯುವ ಕೋಣೆಯಲ್ಲಿಟ್ಟ ಕ್ಯಾನರಿ ಮರಿ ಮಾಡುವ ಕಾಲ ತಪ್ಪಿಸಿಕೊಳ್ಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಜಾತಿಯ ನಂತರ ನೋಡಬೇಕಾದದ್ದು ಹಕ್ಕಿಯ ಮೈ. ಜೀಬ್ರಾ ಫಿಂಚ್ ಮೂರು ತಿಂಗಳಿಗೇ ಪ್ರಾಯಕ್ಕೆ ಬಂದರೂ ಆ ವಯಸ್ಸಿನ ಹೆಣ್ಣಿಗೆ ಗೂಡು ಕೊಡುವುದು ಅಪಾಯ. ಒಂಬತ್ತು ತಿಂಗಳವರೆಗೆ ಕಾಯುವುದು ಲೇಸೆಂಬುದು ನನ್ನ ಅಭಿಪ್ರಾಯ, ಗೌಲ್ಡಿಯನ್ ಹೆಣ್ಣಿಗಾದರೆ ಸುಮಾರು ಒಂದು ವರ್ಷ. ಗರಿ ಉದುರುತ್ತಿರುವ ಹಕ್ಕಿಗೆ ಗೂಡು ಕೊಡಲೇಬಾರದು, ಏಕೆಂದರೆ ಗರಿ ಬಹುಪಾಲು ಪ್ರೋಟೀನ್. ಹೊಸ ಗರಿಯನ್ನೂ ಮೊಟ್ಟೆಯನ್ನೂ ಒಟ್ಟಿಗೆ ಕಟ್ಟುವಷ್ಟು ಬಂಡವಾಳ ಆ ಪುಟ್ಟ ಮೈಯಲ್ಲಿ ಇರುವುದಿಲ್ಲ. ಹಕ್ಕಿಯನ್ನು ಮೆಲ್ಲನೆ ಕೈಯಲ್ಲಿ ಹಿಡಿದು ಎದೆಯ ನಡುವಿನ ಮೂಳೆಯನ್ನು ಬೆರಳಿನಿಂದ ಸವರಿ ನೋಡಿ. ಮೂಳೆ ಚೂಪಾಗಿ ತಗುಲಿದರೆ ಹಕ್ಕಿ ಬಡವಾಗಿದೆ, ಎರಡು ಬದಿಯ ಮಾಂಸದಲ್ಲಿ ಮೂಳೆ ಹುದುಗಿಯೇ ಹೋಗಿದ್ದರೆ ಕೊಬ್ಬಿದೆ. ಎರಡೂ ಸ್ಥಿತಿಯಲ್ಲಿ ಕಾಯಬೇಕು. ಗೌಲ್ಡಿಯನ್‌ನಲ್ಲಿ ಕೊಕ್ಕೇ ಸ್ಪಷ್ಟ ಸೂಚನೆ ಕೊಡುತ್ತದೆ: ಕಾಲ ಬಂದಾಗ ಹೆಣ್ಣಿನ ಕೊಕ್ಕು ಕಪ್ಪಾಗುತ್ತದೆ, ಗಂಡಿನ ಕೊಕ್ಕಿನ ತುದಿಯ ಬಣ್ಣ ಗಾಢವಾಗುತ್ತದೆ. ಕ್ಯಾನರಿ ಹೆಣ್ಣು ಕಾಗದದ ಚೂರು, ನಾರು, ಕೊನೆಗೆ ತನ್ನದೇ ಗರಿಯನ್ನಾದರೂ ಕೊಕ್ಕಿನಲ್ಲಿ ಕಚ್ಚಿಕೊಂಡು ಅತ್ತಿತ್ತ ಹಾರಾಡುತ್ತದೆ. ಗಂಡು ಹಾಡಿದ ಮಾತ್ರಕ್ಕೆ ಜೋಡಿ ಸಿದ್ಧವಾಯಿತೆಂದು ತಿಳಿಯಬಾರದು. ಗಂಡು ಮುಂಚೆಯೇ ಸಿದ್ಧವಾಗುವುದು ಸಾಮಾನ್ಯ, ಮತ್ತು ಸಿದ್ಧವಾಗದ ಹೆಣ್ಣನ್ನು ಅದು ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ.

ಇನ್ನು ದಿನಗಳ ಲೆಕ್ಕ. ಜೀಬ್ರಾ ಫಿಂಚ್ ಜೋಡಿಗೆ ಗೂಡು ಕೊಟ್ಟ ಸುಮಾರು ಒಂದು ವಾರಕ್ಕೆ ಮೊದಲ ಮೊಟ್ಟೆ ಬರುತ್ತದೆ. ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ, ಮೂರನೆಯದೋ ನಾಲ್ಕನೆಯದೋ ಬಂದ ಮೇಲೆ ಗಟ್ಟಿಯಾಗಿ ಕಾವು ಕೂರುತ್ತದೆ. ಕಾವು 12ರಿಂದ 14 ದಿನ, ಮರಿಗಳು ಗೂಡಿನಲ್ಲಿರುವುದು 18ರಿಂದ 21 ದಿನ, ಹೊರಬಂದ ಮೇಲೂ ಎರಡು ಮೂರು ವಾರ ತಂದೆತಾಯಿಯಿಂದ ಗುಟುಕು ಬೇಕು. ಒಟ್ಟಿನಲ್ಲಿ ಒಂದು ಸೂಲಿಗೆ ಒಂಬತ್ತು ವಾರ ಹಿಡಿಯುತ್ತದೆ. ಮೊದಲ ಮರಿಗಳು ಹೊರಬೀಳುವ ಹೊತ್ತಿಗೆ ಹೆಣ್ಣು ಮತ್ತೆ ಮೊಟ್ಟೆ ಇಡುವುದರಿಂದ ಎರಡು ಸೂಲಿಗೆ ಮೂರೂವರೆ ತಿಂಗಳು ಸಾಕಾಗುತ್ತದೆ. ಬೆಂಗಲೀಸ್ ಮತ್ತು ಗೌಲ್ಡಿಯನ್‌ಗಳಿಗೆ ಇದಕ್ಕೆ ಕೆಲವು ದಿನ ಸೇರಿಸಿಕೊಳ್ಳಿ. ಈ ಮೂರೂವರೆ ತಿಂಗಳು ಮನೆಯಲ್ಲಿ ನೀವಿರಬೇಕು, ಅಥವಾ ನಿಮ್ಮಷ್ಟೇ ಕಾಳಜಿಯಿಂದ ದಿನಕ್ಕೆ ಎರಡು ಸಲ ಹಸಿ ಆಹಾರ ಬದಲಿಸುವವರೊಬ್ಬರು ಇರಬೇಕು. ದೂರದ ಪ್ರಯಾಣವೋ ಮನೆ ಬದಲಾವಣೆಯೋ ಇರುವ ವರ್ಷದಲ್ಲಿ ಗೂಡು ಕೊಡದಿದ್ದರೆ ಹಕ್ಕಿಗೆ ಯಾವ ನಷ್ಟವೂ ಇಲ್ಲ.

ಹವೆಯನ್ನು ಲೆಕ್ಕ ಹಾಕುವಾಗ ಬಹಳ ಜನ ಗೂಡು ಕೊಡುವ ದಿನದ ಹವೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಅಲ್ಲಿಂದ ನಾಲ್ಕೈದು ವಾರ ಮುಂದಿನದನ್ನು. ಮರಿಗಳಿಗೆ ಎಂಟು ಹತ್ತು ದಿನವಾದಾಗ ಎಷ್ಟೋ ಜೋಡಿಗಳು, ಮುಖ್ಯವಾಗಿ ಗೌಲ್ಡಿಯನ್‌ಗಳು, ರಾತ್ರಿ ಅವುಗಳ ಮೇಲೆ ಕೂರುವುದನ್ನು ಬಿಡುತ್ತವೆ. ಆಗ ಮರಿಗಳ ಮೈಯಲ್ಲಿ ಪೂರ್ತಿ ಗರಿ ಇರುವುದಿಲ್ಲ. ಕೊರೆಯುವ ಚಳಿ ಆ ದಿನಗಳಿಗೆ ಸರಿಯಾಗಿ ಬಂದರೆ ಬೆಳಗ್ಗೆ ಗೂಡಿನಲ್ಲಿ ತಣ್ಣಗಾದ ಮರಿಗಳು ಸಿಗುತ್ತವೆ. ಮೊದಲ ವರ್ಷಗಳಲ್ಲಿ ನಾನು ಒಂದು ಗೂಡಿನ ನಾಲ್ಕು ಮರಿಗಳನ್ನು ಹೀಗೆಯೇ ಕಳೆದುಕೊಂಡೆ, ಆ ಬೆಳಗನ್ನು ಇನ್ನೂ ಮರೆತಿಲ್ಲ. ಅತಿಯಾದ ಸೆಕೆಯೂ ಒಳ್ಳೆಯದಲ್ಲ. ಮೈಲೀನ್ ಮ್ಯಾರಿಯೆಟ್ ಮತ್ತು ಕ್ಯಾಥರೀನ್ ಬುಕಾನನ್ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾವಿನ ಕೊನೆಯ ದಿನಗಳಲ್ಲಿ ಹವೆ 26 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಜೀಬ್ರಾ ಫಿಂಚ್‌ಗಳು ಮೊಟ್ಟೆಗಳ ಬಳಿ ವಿಶೇಷ ಕರೆಯೊಂದನ್ನು ಕೂಗುತ್ತವೆ, ಅದನ್ನು ಮೊಟ್ಟೆಯೊಳಗಿಂದಲೇ ಕೇಳಿಸಿಕೊಂಡ ಮರಿಗಳು ಬಿಸಿ ಗೂಡಿನಲ್ಲಿ ಸಣ್ಣ ಮೈಯವಾಗಿ ಬೆಳೆಯುತ್ತವೆ. ಅಂದರೆ ಸೆಕೆಯನ್ನು ಹಕ್ಕಿಗಳು ನಮಗಿಂತ ಸೂಕ್ಷ್ಮವಾಗಿ ಗಮನಿಸುತ್ತಿರುತ್ತವೆ. ಕಡು ಚಳಿ ಮತ್ತು ಕಡು ಬೇಸಿಗೆ ಎರಡರಿಂದಲೂ ದೂರವಿರುವ ಮೂರೂವರೆ ತಿಂಗಳನ್ನು ಹುಡುಕಿ, ಅದರ ಮೊದಲ ದಿನದಿಂದ ಆರು ವಾರ ಹಿಂದಕ್ಕೆ ಎಣಿಸಿದರೆ ಸಿದ್ಧತೆ ಆರಂಭಿಸುವ ದಿನ ಸಿಗುತ್ತದೆ.

ಆ ಆರು ವಾರಗಳ ಮೊದಲ ಭಾಗದಲ್ಲಿ ಗಂಡು ಹೆಣ್ಣುಗಳನ್ನು ಬೇರೆ ಪಂಜರಗಳಲ್ಲಿಟ್ಟು, ಒಣ ನವಣೆ, ಬರಗು, ಸ್ವಲ್ಪ ಸೊಪ್ಪು ಮಾತ್ರ ಕೊಡಿ. ಇದು ಉಪವಾಸವಲ್ಲ, ಹೊಟ್ಟೆ ತುಂಬುವಷ್ಟು ಕಾಳು ಇರಲೇಬೇಕು. ಮೂರನೆಯ ವಾರದ ಹೊತ್ತಿಗೆ ಮೊಳಕೆ ಬರಿಸಿದ ಕಾಳು, ಬೇಯಿಸಿ ಹುಡಿ ಮಾಡಿದ ಕೋಳಿಮೊಟ್ಟೆ, ಹೆಚ್ಚು ಸೊಪ್ಪು ಕೊಡಲು ಆರಂಭಿಸಿ. ಮಳೆಯ ನಂತರದ ಹುಲ್ಲುಗಾವಲು ತಂದುಕೊಡುವ ಬದಲಾವಣೆಯನ್ನೇ ಇಲ್ಲಿ ನಾವು ಬಟ್ಟಲಿನಲ್ಲಿ ತರುತ್ತಿದ್ದೇವೆ. ಹಸಿ ಆಹಾರ ಬೇಗ ಹಳಸುವುದರಿಂದ ಕೆಲವು ಗಂಟೆಗಳ ನಂತರ ತೆಗೆದುಬಿಡಬೇಕು. ಕಟಲ್ ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಅಥವಾ ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿದ ಮೊಟ್ಟೆಚಿಪ್ಪು ಸದಾ ಪಂಜರದಲ್ಲಿರಲಿ. ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಕಿಟಕಿಯ ಗಾಜನ್ನು ದಾಟಿ ಬಂದ ಬಿಸಿಲಿನಿಂದ ಅದು ಸಿಗುವುದಿಲ್ಲ, ನೇರ ಬಿಸಿಲು ಬೇಕು ಅಥವಾ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧವಾಗಿ ಕೊಡಬೇಕು. ಕ್ಯಾನರಿಗೆ ಈ ಅವಧಿಯಲ್ಲಿ ಬೆಳಕನ್ನು ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ 14 ಗಂಟೆಗೆ ತಲುಪಿಸಿ. ಸಹಜ ಹಗಲು ತೀರಾ ಚಿಕ್ಕದಾಗಿದ್ದರೆ ಸಿದ್ಧತೆಯನ್ನು ಇನ್ನೂ ಮೊದಲೇ ಆರಂಭಿಸಬೇಕಾಗುತ್ತದೆ. ದೀಪವನ್ನು ಒಮ್ಮೆಲೇ ಆರಿಸಿದರೆ ಹೆಣ್ಣು ಗೂಡಿನ ಹೊರಗೇ ಉಳಿದು ಮೊಟ್ಟೆ ತಣ್ಣಗಾಗಬಹುದು, ಆದ್ದರಿಂದ ಒಂದು ಮಂದ ದೀಪ ಇರಲಿ.

ಗಂಡು ಹೆಣ್ಣುಗಳನ್ನು ಮತ್ತೆ ಒಂದೇ ಪಂಜರಕ್ಕೆ ಬಿಟ್ಟು ಗೂಡು ಕೊಟ್ಟ ಮೇಲೆ ನಮ್ಮ ಕೆಲಸ ಕಡಿಮೆ. ಎರಡನೆಯ ಮೊಟ್ಟೆ ಬಂದೊಡನೆ ಪಂಜರದಲ್ಲಿ ಉಳಿದ ನಾರು, ಹುಲ್ಲನ್ನು ತೆಗೆದುಬಿಡಿ. ಇಲ್ಲದಿದ್ದರೆ ಜೀಬ್ರಾ ಫಿಂಚ್ ಮೊಟ್ಟೆಗಳ ಮೇಲೆಯೇ ಇನ್ನೊಂದು ಪದರ ಕಟ್ಟಿ ಅದರ ಮೇಲೆ ಮತ್ತೆ ಮೊಟ್ಟೆ ಇಡುತ್ತದೆ. ಕಾವು ಆರಂಭವಾಗಿ ಏಳು ದಿನವಾದ ಮೇಲೆ ಸಣ್ಣ ಟಾರ್ಚ್ ಬೆಳಕಿನಲ್ಲಿ ಒಮ್ಮೆ ನೋಡಿದರೆ ಕೆಂಪು ನಾಳಗಳು ಕಾಣುವ ಮೊಟ್ಟೆ ಯಾವುದು, ಫಲಿಸದ್ದು ಯಾವುದು ಎಂದು ತಿಳಿಯುತ್ತದೆ. ಹೆಣ್ಣು ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ಉಸಿರಾಡುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಎಂದು ಶಂಕಿಸಿ, ಅದನ್ನು ಬೆಚ್ಚಗಿನ ಜಾಗದಲ್ಲಿಟ್ಟು ಕೂಡಲೇ ವೈದ್ಯರ ಬಳಿಗೆ ಒಯ್ಯಿರಿ. ಗಂಟೆಗಳಲ್ಲಿ ಜೀವ ಹೋಗಬಹುದು. ಎಳೆಯ ಹೆಣ್ಣುಗಳಿಗೂ ಬಿಡುವಿಲ್ಲದೆ ಮೊಟ್ಟೆ ಇಟ್ಟ ಹೆಣ್ಣುಗಳಿಗೂ ಈ ಅಪಾಯ ಹೆಚ್ಚು.

ಹಾಗಾಗಿ ವರ್ಷಕ್ಕೆ ಎರಡು ಸೂಲು, ಹೆಣ್ಣು ತುಂಬ ಗಟ್ಟಿಯಾಗಿದ್ದರೆ ಮೂರು, ಅಷ್ಟಕ್ಕೇ ನಿಲ್ಲಿಸಬೇಕು. ಕೊನೆಯ ಸೂಲಿನ ಮರಿಗಳು ಗೂಡು ಬಿಟ್ಟು ಮತ್ತೆ ರಾತ್ರಿ ಅಲ್ಲಿಗೆ ಹೋಗದಂತಾದ ದಿನವೇ ಗೂಡನ್ನು ತೆಗೆಯಿರಿ. ಅಷ್ಟರಲ್ಲಿ ಹೊಸ ಮೊಟ್ಟೆಗಳು ಬಂದಿದ್ದರೆ ಅವನ್ನೂ ತೆಗೆಯಬೇಕಾಗುತ್ತದೆ. ಮನಸ್ಸಿಗೆ ಕಷ್ಟವಾದರೂ ಮಾಡಬೇಕು. ಬಟ್ಟಲು, ಹುಲ್ಲಿನ ಕಂತೆ ಮುಂತಾಗಿ ಗೂಡಿನಂತೆ ಬಳಸಬಹುದಾದ ಯಾವುದನ್ನೂ ಉಳಿಸಬೇಡಿ. ಮೊಟ್ಟೆಯ ಆಹಾರವನ್ನು ಮರಿಗಳು ಸ್ವತಃ ಕಾಳು ಒಡೆದು ತಿನ್ನುವವರೆಗೆ ಮುಂದುವರಿಸಿ, ಆಮೇಲೆ ನಿಧಾನವಾಗಿ ಕಡಿಮೆ ಮಾಡಿ, ಗಂಡು ಹೆಣ್ಣುಗಳನ್ನು ಬೇರ್ಪಡಿಸಿ. ಜೀಬ್ರಾ ಮರಿಗಳನ್ನೂ ಎಂಟು ವಾರದೊಳಗೆ ಗಂಡು ಹೆಣ್ಣುಗಳಾಗಿ ಬೇರೆಮಾಡಬೇಕು, ಇಲ್ಲದಿದ್ದರೆ ಒಡಹುಟ್ಟಿದವೇ ಜೋಡಿ ಕಟ್ಟುತ್ತವೆ. ಸ್ವಲ್ಪ ದಿನಗಳಲ್ಲಿ ದೊಡ್ಡ ಹಕ್ಕಿಗಳ ಪಂಜರದ ತಳದಲ್ಲಿ ಉದುರಿದ ಗರಿಗಳು ಕಾಣತೊಡಗುತ್ತವೆ. ಆ ದಿನವನ್ನು ಬರೆದಿಟ್ಟುಕೊಳ್ಳಿ, ಕೊನೆಯ ಹೊಸ ಗರಿ ಪೂರ್ತಿ ಬೆಳೆದ ದಿನವನ್ನೂ ಬರೆದಿಡಿ. ಮುಂದಿನ ಸಲದ ಲೆಕ್ಕವನ್ನು ಆ ಎರಡನೆಯ ದಿನದ ನಂತರವೇ ಆರಂಭಿಸಬೇಕು.